ಎಲ್ಲರೂ ಚೆನ್ನಾಗಿದ್ದ ಶಾಲೆ

ನೇಕಾರರ ಊರೊಂದರಲ್ಲಿ ಗಿರಿಮಲ್ಲಯ್ಯ ಎಂಬ ಮಾಸ್ತರರಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಶಾಲೆಗೆ ಬರುವರು. ಪ್ರಾರ್ಥನೆ ಆದ ಮೇಲೆ ಅವರು ಪುಸ್ತಕ ತೆಗೆಯುತ್ತಿರಲಿಲ್ಲ. "ಏನ್ರಪಾ ಸುದ್ದಿ?" ಎಂದು ಕೇಳಿ, ಕುರ್ಚಿ ಬಿಟ್ಟು ಮಕ್ಕಳ ನಡುವೆ ಕೂತುಬಿಡುವರು. ದಾರಿಯಲ್ಲಿ ಕಂಡದ್ದು, ಮನೆಯಲ್ಲಿ ಆದದ್ದು, ಏನಿದ್ದರೂ ಹೇಳಬಹುದು. ಪಾಠ ಆಮೇಲೆ.

ಎಲ್ಲರಿಗಿಂತ ಹೆಚ್ಚು ಸುದ್ದಿ ಇರುತ್ತಿದ್ದದ್ದು ದಾನವ್ವನ ಹತ್ತಿರ. ಆಕೆ ಮಗ್ಗದ ಕಾಡಪ್ಪನ ಮಗಳು, ಮೂರನೆಯ ತರಗತಿ. ಆಡಿನ ಮರಿ ರೇಷ್ಮೆ ಎಳೆ ತಿಂದದ್ದು, ಅಜ್ಜಿ ಕಾಗೆಯ ಜೊತೆ ಜಗಳ ತೆಗೆದದ್ದು, ಎಲ್ಲವನ್ನೂ ಕೈ ತಿರುಗಿಸಿ ತಿರುಗಿಸಿ ಹೇಳುವಳು. "ಸಾಕವಾ, ಉಳಿದವ್ರಿಗೂ ಬಾಯಿ ಐತಿ" ಎಂದು ಮಾಸ್ತರರು ಅಂದರೆ ಮಾತ್ರ ಕೂಡುವಳು.

ಹೀಗಿರುವಾಗ ಪಟ್ಟಣದ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಊರಿಗೆ ಬರತೊಡಗಿತು. ಒಂದೊಂದೇ ಮನೆಯ ಮಕ್ಕಳು ಟೈ ಕಟ್ಟಿಕೊಂಡು ಅದನ್ನು ಹತ್ತಿದರು. ಒಂದು ದಿನ ಕಾಡಪ್ಪ ನಾಲ್ಕು ಜನರನ್ನು ಕೂಡಿಸಿಕೊಂಡು ಶಾಲೆಗೆ ಬಂದ.

"ಮಾಸ್ತರ, ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ಆದ್ರ ಬಸ್ಸಿನ ಹುಡುಗ್ರು ಮನೀಗೆ ಬಂದವ್ರ ಜೋಡಿ ಇಂಗ್ಲಿಷ್ ಮಾತಾಡ್ತಾವು. ನಮ್ಮವು ಆಡಿನ ಸುದ್ದಿ ಹೇಳ್ತಾವು. ಮಗ್ಗದಾಗ ಕುಂತು ನಮ್ಮ ಬೆನ್ನು ಬಗ್ಗಿದ್ದು ಸಾಕು. ನೀವು ಕಲಸ್ತೀರಂದ್ರ ಸರಿ, ಇಲ್ಲಂದ್ರ ನಾವೂ ಬಸ್ಸಿಗೆ ಹಾಕ್ತೀವಿ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮಕ್ಕಳು ಹೋದರೆ ಶಾಲೆಯೂ ಹೋದಂತೆಯೇ. ಮಾಸ್ತರರು ತಾಲೂಕಿಗೆ ಹೋಗಿ ಇಂಗ್ಲಿಷ್ ಕಲಿಸುವ ತರಬೇತಿ ಪಡೆದು ಬಂದರು. ಮರುದಿನ ಬಾಗಿಲಲ್ಲಿ ನಿಂತು, "ಇವತ್ತಿಂದ ಕನ್ನಡಾನ ಚಪ್ಪಲಿ ಜೋಡಿ ಹೊರಗ ಬಿಟ್ಟು ಬರ್ರಿ" ಎಂದರು. ಮಕ್ಕಳು ನಕ್ಕರು. ಆಡಿದ ಮಾತು ಎಂಥದ್ದೆಂದು ಮಾಸ್ತರರಿಗೆ ಆಗ ಹೊಳೆಯಲಿಲ್ಲ.

ಸುದ್ದಿಯ ಹೊತ್ತು ಹೋಯಿತು. ಅದರ ಬದಲು ಮಾಸ್ತರರು ಒಬ್ಬೊಬ್ಬರನ್ನೇ "ಹೌ ಆರ್ ಯೂ?" ಎಂದು ಕೇಳುವರು. ಒಬ್ಬೊಬ್ಬರೇ ಎದ್ದು, ಕೈಕಟ್ಟಿ, "ಐ ಆಮ್ ಫೈನ್, ಸರ್" ಎಂದು ಕೂಡುವರು. ಕಿಟಕಿಯ ಹೊರಗೆ ನಿಂತ ತಂದೆ ತಾಯಿಗಳ ಮುಖ ಅರಳುವುದು. ಮಕ್ಕಳು ಬಸ್ಸು ಹತ್ತುವುದು ನಿಂತಿತು.

ಆದರೆ ಸಂಜೆ ಮನೆಗೆ ಹೋದರೆ ಮಾಸ್ತರರ ಹೆಂಡತಿ ಪಾರ್ವತೆವ್ವ ರೊಟ್ಟಿ ಬಡಿಯುತ್ತ ಎಂದಿನಂತೆ ಕೇಳುವಳು.

"ಹುಡುಗ್ರು ಏನ್ ಹೇಳಿದ್ವುರಿ ಇವತ್ತ?"

"ಎಲ್ಲಾರೂ ಆರಾಮ ಅದಾರಂತ."

"ನಿನ್ನೇನೂ ಹಂಗ ಅಂದ್ರಿ."

"ದಿನಾ ಹಂಗ ಹೇಳ್ತಾರ."

"ಒಬ್ಬರಿಗೂ ಹೊಟ್ಟಿನೋವಿಲ್ಲ, ಒಬ್ಬರ ಮನ್ಯಾಗೂ ಜಗಳಿಲ್ಲ? ಅಂಥಾ ಊರು ನಾ ಎಲ್ಲೂ ಕಂಡಿಲ್ಲ ಬಿಡ್ರಿ."

ಮಾಸ್ತರರು ಉಂಡು ಎದ್ದರು. ಆ ಆಡಿನ ಮರಿ ಈಗ ಎಷ್ಟು ದೊಡ್ಡದಾಗಿರಬಹುದು ಎಂದು ಮನಸ್ಸಿಗೆ ಬಂತು. ಯಾರನ್ನು ಕೇಳುವುದು?

ಒಂದು ಬೆಳಿಗ್ಗೆ ದಾನವ್ವನ ಸರದಿ ಬಂತು. ಆಕೆ ಗೋಡೆ ಹಿಡಿದು ಎದ್ದಳು. "ಐ ಆಮ್ ಫೈನ್, ಸರ್" ಎಂದಳು. ಕೂಡುವಾಗ ಪಕ್ಕದ ಹುಡುಗಿಯ ಮೇಲೆ ಒರಗಿ ಬಿದ್ದಳು. ಮಾಸ್ತರರು ಓಡಿ ಹೋಗಿ ಹಣೆ ಮುಟ್ಟಿದರು. ಕೆಂಡದಂತೆ ಸುಡುತ್ತಿತ್ತು.

"ಯಾಕವಾ, ಹೇಳಬಾರದೇನು?"

"ಜ್ವರಕ್ಕ ಏನಂತಾರ ನೀವು ಹೇಳಿಕೊಟ್ಟಿಲ್ರಿ" ಎಂದಳು ದಾನವ್ವ. "ಕನ್ನಡ ಒಳಗ ತರಬ್ಯಾಡಂದಿದ್ರಿ."

ಮಾಸ್ತರರು ಆಕೆಯನ್ನು ಹೆಗಲ ಮೇಲೆ ಹಾಕಿಕೊಂಡು ನಡೆದರು. ಕಾಡಪ್ಪ ಮಗ್ಗ ನಿಲ್ಲಿಸಿ ಓಡಿ ಬಂದ. ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಜ್ವರ ಎದೆಗೆ ಇಳಿದಿದೆ, ತಡ ಮಾಡಿದಿರಿ ಎಂದರು ಡಾಕ್ಟರು. ಮಗ್ಗದ ಗಡಿಬಿಡಿಯಲ್ಲಿ ಮನೆಯವರೂ ಗಮನಿಸಿರಲಿಲ್ಲ. ಮಾಸ್ತರರು ನೋಡಲು ಹೋಗಿ, ಮಂಚದ ಪಕ್ಕ ಕೂತು, "ಏನವಾ ಸುದ್ದಿ?" ಎಂದು ಕೇಳಿದರು. ದಾನವ್ವ ಒಮ್ಮೆ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಹೊರಗೆ ಕಾಡಪ್ಪ ನಿಂತಿದ್ದ. "ಆರಾಮಾದ ಮ್ಯಾಲೆ ಸಾಲಿಗೆ ಕಳಸ್ತಿಯಲ್ಲಪಾ?" ಎಂದು ಮಾಸ್ತರರು ಕೇಳಿದರು. "ನೋಡೂಣ್ರಿ" ಎಂದ. ಅಷ್ಟೇ.

ಮಾಸ್ತರರು ಊರಿಗೆ ಮರಳಿ ಮಲ್ಲಯ್ಯ ದೇವರ ಗುಡಿಯಲ್ಲಿ ಬಹಳ ಹೊತ್ತು ಕೂತರು. "ನಮ್ಮಪ್ಪಾ, ಆ ಕೂಸಿನ ಮಾತು ಇನ್ನೊಮ್ಮೆ ಕಿವಿಗೆ ಬೀಳಲಿ" ಎಂಬುದೊಂದೇ ಅವರ ಬೇಡಿಕೆ.

ಮರುದಿನ ಅವರು ಮತ್ತೆ ಮಕ್ಕಳ ನಡುವೆ ನೆಲದ ಮೇಲೆ ಕೂತರು. "ಮೊದಲ ನಿಮ್ಮ ಮಾತಿನ್ಯಾಗ ಹೇಳ್ರಿ. ಆಮ್ಯಾಲೆ ಅದನ್ನ ಇಂಗ್ಲಿಷ್‌ನ್ಯಾಗ ಹೆಂಗ ಹೇಳೂದು ನೋಡೂಣು" ಎಂದರು. ಕಿಟಕಿಯ ಹೊರಗಿದ್ದವರಿಗೆ ಇದು ಸೇರಲಿಲ್ಲ. "ಮತ್ತ ಸುರು ಆತು ನೋಡ್ರಿ ಹರಟಿ" ಎಂದು ಗೊಣಗಿ, ಕೆಲವರು ಮಕ್ಕಳನ್ನು ಕರೆದೊಯ್ದು ಬಸ್ಸಿಗೆ ಹಾಕಿಯೇಬಿಟ್ಟರು. ಮಾಸ್ತರರು ತಡೆಯಲಿಲ್ಲ. ಆದರೆ ಹಳದಿ ಬಸ್ಸು ಹೋಗುವಾಗ ಪ್ರತಿ ಕಿಟಕಿಯನ್ನೂ ನೋಡುವರು. ಹೋದ ಮುಖಗಳೆಲ್ಲ ತಮ್ಮವೇ. ಇವತ್ತು ಅವುಗಳ ನಡುವೆ ದಾನವ್ವನೂ ಇದ್ದಾಳೇನೋ ಎಂದು ಅಂಜುತ್ತ ಹುಡುಕುವರು. ಶಾಲೆಯಲ್ಲಿ ಗೋಡೆ ಪಕ್ಕದ ಅವಳ ಜಾಗದಲ್ಲಿ ಮಾತ್ರ ಯಾರನ್ನೂ ಕೂಡಿಸುತ್ತಿರಲಿಲ್ಲ.

ಕಡೆಗೆ ಒಂದು ಸೋಮವಾರ, ಬಸ್ಸು ಹೋದ ಮೇಲೆ, ಕಾಡಪ್ಪ ಮಗಳ ಕೈಹಿಡಿದು ಶಾಲೆಯ ಮೆಟ್ಟಿಲು ಹತ್ತಿ ಬಂದ.

"ಬಸ್ಸಿಗೇ ಹಾಕೂದಂತ ಮಾಡಿದ್ದೆ ರೀ. ಅಕಿ ಒಲ್ಲೆ ಅಂತಾಳ. ಸಾಲ್ಯಾಗ ಮತ್ತ ಸುದ್ದಿ ಕೇಳ್ತಾರಂತ, ಗೆಳತ್ಯಾರು ಬಂದು ಹೇಳ್ಯಾರ. ಇಕೀಗೆ ಹೇಳೂದು ಭಾಳ ಐತಂತ."

ದಾನವ್ವ ಬಡವಾಗಿದ್ದಳು. ತನ್ನ ಜಾಗದಲ್ಲಿ ಕೂತಳು. ಮಾಸ್ತರರು ಏನೂ ಕೇಳಲಿಲ್ಲ, ಕಾದರು. ಮೊದಲು ಒಂದು ಮಾತು ಬಂತು, ತಡೆದು ಇನ್ನೊಂದು. ಆಸ್ಪತ್ರೆಯ ನರ್ಸಮ್ಮ ಸೂಜಿ ಚುಚ್ಚುವಾಗ ಹಾಡು ಹೇಳಿದ್ದು, ಪಕ್ಕದ ಮಂಚದ ಮುದುಕ ತನ್ನ ಬ್ರೆಡ್ಡನ್ನು ಇವಳಿಗೆ ಕೊಟ್ಟು ಇವಳ ಗಂಜಿಯನ್ನು ತಾನು ಕುಡಿದದ್ದು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾಸ್ತರರೂ ನಗುತ್ತ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

ಹೇಳಿ ಮುಗಿಸಿ ದಾನವ್ವ ಉಸಿರು ತಗೊಂಡಳು.

"ಇದನ್ನೆಲ್ಲ ಇಂಗ್ಲಿಷ್‌ನ್ಯಾಗ ಹೆಂಗ ಹೇಳೂದ್ರಿ, ಮಾಸ್ತರ?"

"ನನಗೂ ಪೂರಾ ಬರೂದಿಲ್ಲವಾ" ಎಂದು ಮಾಸ್ತರರು ಸೀಮೆಸುಣ್ಣ ಕೈಗೆ ತಗೊಂಡರು. "ಬಾ, ಕೂಡಿ ಕಲಿಯೂಣು."

ನೀತಿ: ಮಕ್ಕಳು ಹೊಸ ಭಾಷೆ ಕಲಿಯಲಿ, ಕಲಿಯಲೇಬೇಕು. ಆದರೆ ಕಲಿಸುವವರು ಮೊದಲು ಮಗುವಿನ ಮಾತನ್ನು ಕೂತು ಕೇಳಬೇಕು. ತನ್ನ ಮಾತು ಕೇಳುವವರಿದ್ದಾರೆ ಎಂದು ತಿಳಿದ ಮಗು ಯಾವ ಭಾಷೆಯನ್ನಾದರೂ ತಾನೇ ಕೇಳಿ ಕಲಿಯುತ್ತದೆ.