ಹಳದಿ ಗಾಜಿನ ಹಟ

ಚನ್ನವೀರ ಮೇಷ್ಟ್ರು ಮನೆಯಲ್ಲೇ ಜೋಡಿಸಿದ ಸೂಕ್ಷ್ಮದರ್ಶಕದಲ್ಲಿ, ಕಣ್ಣಿಡುವ ಕೊಳವೆಯ ಬುಡಕ್ಕೆ ಒಂದು ಹಳದಿ ಗಾಜನ್ನು ಕೂರಿಸಿದ್ದರು. ಕೆಳಗೆ ಪಾಚಿಯ ಮೇಲೆ ಬಿದ್ದ ದೀಪದ ನೀಲಿ ಬೆಳಕು ಮೇಲೇರಿ ಬಂದು ಗದರಿತು: "ದಾರಿ ಬಿಡಯ್ಯಾ! ನಾನಿಲ್ಲದೆ ಇಲ್ಲಿ ಏನು ಕಾಣುತ್ತದೆ?"

"ಏನೂ ಕಾಣದು, ಸ್ವಾಮಿ. ಆದರೂ ಬಿಡಲಾರೆ," ಎಂದಿತು ಗಾಜು.

ಕಿಟಕಿ ತೆರೆದಿಟ್ಟೇ ಇಣುಕಿದ ಮೇಷ್ಟ್ರ ಕಣ್ಣಿಗೆ, ಹಗಲ ಬೆಳಕಿಗೆ ಒಗ್ಗಿದ್ದರಿಂದ, ಬರೀ ಕತ್ತಲು ಕಂಡಿತು. "ಈ ಗಾಜೇ ದಂಡ!" ಎಂದು ಕಿತ್ತು, ಕಸದ ಬುಟ್ಟಿಯ ಮೇಲೆ ಹಿಡಿದರು. ಮತ್ತೆ ಇಣುಕಿದರೆ ಕಣ್ತುಂಬ ನೀಲಿ. ಪಾಚಿಯ ಸುಳಿವೇ ಇಲ್ಲ.

ಮೇಷ್ಟ್ರು ನಾಲಿಗೆ ಕಚ್ಚಿಕೊಂಡು ಗಾಜನ್ನು ಒರೆಸಿ ಮರಳಿ ಕೂರಿಸಿದರು, ಕಿಟಕಿ ಮುಚ್ಚಿದರು. ಕತ್ತಲಲ್ಲಿ ಪಾಚಿ, ನೀಲಿಯನ್ನು ಹೀರಿ, ತನ್ನದೇ ಮಂದ ಬೆಳಕಿನಿಂದ ಕೆಂಪಗೆ ಹೊಳೆಯಿತು.

"ಆ ಚೋಟುದ್ದದವಳಿಗೆ ದಾರಿ ಬಿಟ್ಟೆಯಲ್ಲೋ!" ಎಂದು ನೀಲಿ ಸಿಡುಕಿತು.

"ತಾವು ತೋರಿಸಲು ಬಂದವರು, ಸ್ವಾಮಿ. ಮೇಷ್ಟ್ರು ನೋಡಲು ಕೂತಿರುವುದು ಅವಳನ್ನು."