ತಾಯಿಯವರು ಸ್ವೀಕರಿಸಿದ ಹಸಿರು ಚಹಾ

ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ ಪೂಜ್ಯ ಗುರುಸಿದ್ಧಮ್ಮ ತಾಯಿಯವರು ವಾಸವಾಗಿದ್ದ ಕಾಲ. ಮಠವೆಂದರೆ ಮಣ್ಣಿನ ಗೋಡೆ, ತಗಡಿನ ಮಾಡು, ಅಂಗಳದಲ್ಲೊಂದು ಬೇವಿನ ಮರ, ಅಷ್ಟೇ. ತೊಂಬತ್ತು ದಾಟಿದ್ದ ತಾಯಿಯವರು ಬೆಳಗಿನ ಪೂಜೆ ಮುಗಿಸಿ, ಹಿತ್ತಿಲಿನ ತುಳಸಿ, ಮಜ್ಜಿಗೆಹುಲ್ಲು ಚಿವುಟಿ ತಂದು ಕಷಾಯ ಕುದಿಸುವರು. ಬಂದವರಿಗೆಲ್ಲ ಸ್ವಹಸ್ತದಿಂದ ನೀಡಿದ ಮೇಲೆ, ಪಾತ್ರೆಯಲ್ಲಿ ಉಳಿದರೆ ತಾವು ಸ್ವೀಕರಿಸುವರು. ಆ ಬಟ್ಟಲನ್ನು ಬೇಡವೆಂದವರನ್ನು ಮಠ ಕಂಡಿರಲಿಲ್ಲ.

ಹುಬ್ಬಳ್ಳಿಯ ಮುರಿಗೆಪ್ಪ ಅಲ್ಲಿಗೆ ಬಂದದ್ದು ಭಕ್ತಿಯಿಂದಲ್ಲ, ಭಯದಿಂದ. ತಂದೆಯೂ ಅಣ್ಣನೂ ಎದೆನೋವೆಂದು ಕೂತಲ್ಲೇ ತೀರಿಕೊಂಡಿದ್ದರು. ಮುಂದಿನ ಸರದಿ ತನ್ನದೆಂಬ ಅಂಜಿಕೆ ಅವನಿಗೆ ಅನ್ನ ರುಚಿಸದಂತೆ ಮಾಡಿತ್ತು. ಹಸಿರು ಚಹಾ ಎದೆಗೆ ಒಳ್ಳೆಯದೆಂದು ಯಾರೋ ಹೇಳಿದ್ದೇ ತಡ, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಮದುವೆಗೆ ಹೋಗಲಿ, ಮಣ್ಣಿಗೆ ಹೋಗಲಿ, ಬಗಲಲ್ಲಿ ಥರ್ಮಾಸು.

ಕುಡಿಯಲಿ ಪಾಪ, ಅದರಲ್ಲೇನು ತಪ್ಪು? ತಪ್ಪಾದದ್ದು ವೈನಿಯ ಮನೆಯಲ್ಲಿ. ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಅಣ್ಣನ ಹೆಂಡತಿ ಪಾರವ್ವ. ಆಕೆ ಎಂದಿನಂತೆ ಚಹಾ ತಂದಿಟ್ಟಾಗ ಇವನು ಕಪ್ಪನ್ನು ಸರಿಸಿ, “ಇದು ವಿಷ ಐತ್ರಿ ವೈನಿ. ಇದನ್ನ ಕುಡಿಸಿ ಕುಡಿಸೇ ಅಣ್ಣನ್ನ ಕಳಕೊಂಡ್ರಿ,” ಅಂದುಬಿಟ್ಟ. ಪಾರವ್ವ ಕಪ್ಪು ಎತ್ತಿಕೊಂಡು ಒಳಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುರಿಗೆಪ್ಪ ನಾಚಿಕೆಗೆ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಹಾಗೆಂದು ಒಳಗಿನ ಸಂಕಟ ಬಿಟ್ಟೀತೇ?

ತೊಂಬತ್ತರಲ್ಲೂ ಅಂಗಳ ಗುಡಿಸುವ ತಾಯಿಯವರ ಸುದ್ದಿ ಕೇಳಿದಾಗ ಅವನು, ಮಹಿಮೆ ಗಿಹಿಮೆ ಏನಿಲ್ಲ, ಎಲ್ಲ ಎಲೆಯ ಗುಣ ಎಂದುಕೊಂಡ. ಆ ಎಲೆ ಯಾವುದೆಂದು ತಿಳಿಯಲು ಬಂದು ಸಾಲಿನಲ್ಲಿ ಕೂತ. ತಾಯಿಯವರು ಬಟ್ಟಲು ನೀಡಿದರು. ಮುರಿಗೆಪ್ಪ ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದ.

“ನಾ ಹೊರಗಿಂದು ಏನೂ ಕುಡಿಯೂದಿಲ್ರಿ ತಾಯಿ. ನಂದು ನನ್ನ ಹತ್ರ ಐತಿ.”

ಕೂತವರೆಲ್ಲ ಅವನತ್ತ ತಿರುಗಿದರು. ತಾಯಿಯವರು ಮಾತ್ರ ಮಗುವಿನಂತೆ ನಕ್ಕು, ಆ ಬಟ್ಟಲನ್ನು ಪಕ್ಕದವನಿಗೆ ಕೊಟ್ಟು, ಬರಿಗೈ ಚಾಚಿದರು.

“ಹಂಗಾರ ನಿಂದ ನಮಗ ಕೊಡಪ್ಪಾ.”

ಮುರಿಗೆಪ್ಪ ತಬ್ಬಿಬ್ಬಾಗಿ ಥರ್ಮಾಸಿನ ಮುಚ್ಚಳದಲ್ಲಿ ಹಸಿರು ಚಹಾ ಬಗ್ಗಿಸಿ ಕೊಟ್ಟ. ತಾಯಿಯವರು ಅದನ್ನು ಹಣೆಗೊತ್ತಿಕೊಂಡು, ತೀರ್ಥವೆಂಬಂತೆ ಕಣ್ಣುಮುಚ್ಚಿ ಕುಡಿದರು. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ತೆರೆದಾಗ ಆ ದೃಷ್ಟಿ ನೇರ ಅವನ ಎದೆಗೆ ಇಳಿಯಿತು.

“ಛಲೋ ಐತಿ, ದಿನಾ ಕುಡಿ. ಆದ್ರ ಒಬ್ಬ ತಾಯಿ ಕೈಯಾಗಿನ ಚಹಾ ಬಿಟ್ಟು ಬಂದೀಯಲ್ಲ. ಆಕಿನೂ ಬಿಟ್ಟಾಳ. ಹೋಗು.”

ಮುರಿಗೆಪ್ಪನ ಮೈಯೆಲ್ಲ ಮುಳ್ಳೆದ್ದಿತು. ಪಾರವ್ವನ ಹೆಸರನ್ನು ಅವನು ಅಲ್ಲಿ ಎತ್ತಿರಲಿಲ್ಲ. ತನ್ನ ಹೆಸರನ್ನೇ ಹೇಳಿರಲಿಲ್ಲ! ಎಲೆಯ ಮಾತು ಮರೆತೇಹೋಯಿತು. ‘ಆಕಿನೂ ಬಿಟ್ಟಾಳ’ ಎಂದರೇನೆಂದು ಕೇಳಲು ಧೈರ್ಯ ಸಾಲದೆ ಎದ್ದು ಬಸ್ಸು ಹಿಡಿದ.

ಇಳಿಹೊತ್ತಿಗೆ ವೈನಿಯ ಮನೆ ಮುಟ್ಟಿ, ಹೊಸ್ತಿಲಲ್ಲೇ ನಿಂತು, “ವೈನಿ, ಒಂದು ಕಪ್ ಚಹಾ ಕೊಡ್ರಿ,” ಅಂದ. ಪಾರವ್ವ ಗೋಡೆಗೆ ಒರಗಿ ಕೂತಿದ್ದವರು ಕದಲಲಿಲ್ಲ. ಒಳಗಿನಿಂದ ಅವರ ಸೊಸೆ ಗಿರಿಜಾ ಬಂದಳು.

“ಮನ್ಯಾಗ ಚಾಪುಡಿ ಇಲ್ರಿ ಕಾಕಾ. ನೀವು ಹಂಗ ಅಂದು ಹೋದ ದಿನದಿಂದ ಅತ್ತಿ ಚಹಾ ಮುಟ್ಟಿಲ್ಲ. ಒಲಿ ಮ್ಯಾಲೆ ಇಡಾಕೂ ಬಿಟ್ಟಿಲ್ಲ.”

ನದಿಯ ದಂಡೆಯಲ್ಲಿ ಕೂತ ತಾಯಿಯವರ ಕಣ್ಣುಗಳು ಈ ಅಡುಗೆಮನೆಯ ತಣ್ಣನೆಯ ಒಲೆಯನ್ನು ಕಂಡಿದ್ದವು! ಮುರಿಗೆಪ್ಪ ಹೊಸ್ತಿಲು ದಾಟಿ ಒಳಗೆ ಬಂದ. ವೈನಿಯ ಪಾದದ ಮೇಲೆ ತಲೆಯಿಟ್ಟು, ಚಿಕ್ಕವನಿದ್ದಾಗಲೂ ಅಷ್ಟು ಅತ್ತಿರಲಿಲ್ಲ, ಹಾಗೆ ಅತ್ತ.

“ನಾ ಹೇಳಿದ್ದು ತಪ್ಪಾತ್ರಿ, ವೈನಿ. ಅಣ್ಣ ಹೋಗಿದ್ದಕ್ಕ ನೀವು ಕಾರಣ ಅಲ್ಲ.”

ಪಾರವ್ವ ಅವನ ತಲೆಯ ಮೇಲೆ ಕೈಯಿಟ್ಟರು. “ಈ ಮಾತಿಗೇ ಕುಂತಿದ್ನೋ ತಮ್ಮಾ,” ಅಂದರು. ಆಮೇಲೆ ಸೆರಗಿನಿಂದ ಕಣ್ಣೊರಸಿಕೊಂಡು ಎದ್ದರು. “ಅದೇನೋ ಹಸರ ಚಹಾ ಅಂತಲ್ಲ, ಅದರ ಪುಡಿ ತಂದೀ ಏನು? ಕೊಡು. ನಿನ್ನ ಎದಿ ಗಟ್ಟಿ ಇರಬೇಕು. ನಾನ ಮಾಡ್ತೀನಿ.”

ಆ ಸಂಜೆ ಇಬ್ಬರೂ ಎದುರುಬದುರು ಕೂತು ಅದನ್ನೇ ಕುಡಿದರು. ಸಾವಿನ ಅಂಜಿಕೆ ತನ್ನನ್ನು ಬಿಟ್ಟದ್ದು ಆ ಹೊತ್ತಿನಲ್ಲೇ ಎಂದು ಮುರಿಗೆಪ್ಪ ಮುಂದೆ ಹೇಳುತ್ತಿದ್ದ. ಕಪ್ಪು ಕೆಳಗಿಟ್ಟು, ಮಠವಿದ್ದ ದಿಕ್ಕಿಗೆ ತಿರುಗಿ, ಅಡುಗೆಮನೆಯ ನೆಲದ ಮೇಲೆಯೇ ದೀರ್ಘದಂಡ ನಮಸ್ಕಾರ ಹಾಕಿದ. ಯಾರಿಗೆಂದು ಪಾರವ್ವ ಕೇಳಲಿಲ್ಲ. ತಾವೂ ಸೆರಗು ಹೊದ್ದು ಅವನ ಪಕ್ಕದಲ್ಲಿ ತಲೆಬಾಗಿದರು.