ಬೇಕೆಂದೇ ತಪ್ಪಿಸಿದ ಎಳೆ

"ಗುರುಗಳೇ, ನೋಯುತ್ತಿರುವ ಮಗುವಿನ ಗಮನವನ್ನು ಬೇರೆ ಕಡೆಗೆ ಸೆಳೆಯುವುದು ಮೋಸವಲ್ಲವೇ?"

ಹೀಗೆ ಕೇಳಿದ ಶಿಷ್ಯ ಮಠದ ಚಿಕಿತ್ಸಾಲಯದಲ್ಲಿ ಸೇವೆಗಿದ್ದವನು. ಅಂದು ಬೆಳಿಗ್ಗೆ ಅಂಗಾಲಿಗೆ ಗಾಜು ಹೊಕ್ಕಿದ್ದ ಒಂದು ಮಗುವನ್ನು ಅಲ್ಲಿಗೆ ಕರೆತಂದಿದ್ದರು. ಗಾಜು ತೆಗೆಯುವಾಗ ಗೊಂಬೆ ತೋರಿಸಿ ಆಡಿಸು ಎಂದು ವೈದ್ಯರು ಇವನಿಗೆ ಹೇಳಿದರು. ಇವನು ಒಪ್ಪಲಿಲ್ಲ. "ನೋಯುತ್ತದೆ, ತಡೆದುಕೋ" ಎಂದು ಇದ್ದದ್ದನ್ನು ಇದ್ದ ಹಾಗೆ ಮಗುವಿಗೆ ಹೇಳಿ, ಹೊರಗೆ ಬಂದು ಜಗಲಿಯ ಮೇಲೆ ಕುಳಿತ. ಒಳಗಿನ ಕಿರುಚಾಟ ಅಡುಗೆಮನೆಯವರೆಗೂ ಕೇಳಿತು. ಗಾಜು ಅರ್ಧ ಮಾತ್ರ ಬಂತು. ನಾಳೆ ಮತ್ತೆ ಬನ್ನಿ ಎಂದು ತಾಯಿಗೆ ಹೇಳಿ ಕಳಿಸಿದರು.

ಇದೆಲ್ಲ ಗುರುಗಳ ಕಿವಿಗೂ ಬಿದ್ದಿತ್ತು. "ಬಾರಪ್ಪ ಸತ್ಯವಂತ, ಕೂತುಕೋ" ಎಂದು ನಕ್ಕು, ಅವರು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನು ನೇಯ್ದ ಬಟ್ಟೆಯಲ್ಲಿ ಒಂದು ಎಳೆಯಾದರೂ ತಪ್ಪಿದ್ದನ್ನು ಯಾರೂ ಎಂದೂ ಕಂಡಿರಲಿಲ್ಲ. ಬೇರೆಯವರ ಮನೆಗೆ ಹೋದರೂ ಹಾಸಿದ ಜಮಖಾನದಲ್ಲಿ ತಪ್ಪು ಹುಡುಕಿ, ಆಮೇಲೆ ಕೂರುತ್ತಿದ್ದ. ಊಟಕ್ಕೆ ಕರೆದವರಿಗೆ ಇದರಿಂದ ಸಂತೋಷವೇನೂ ಆಗುತ್ತಿರಲಿಲ್ಲ.

ಅವನಿಗೆ ಐದು ವರ್ಷದ ಮಗಳು. ಒಂದು ದಿನ ನೂಲಿಗೆ ಹಾಕಲು ಕುದಿಸಿ ಇಟ್ಟಿದ್ದ ಗಂಜಿ ಅವಳ ಬಲಗೈ ಮೇಲೆ ಚೆಲ್ಲಿತು. ಮೊಣಕೈಯಿಂದ ಬೆರಳಿನ ತುದಿಯವರೆಗೆ ಸುಟ್ಟಿತು. ಊರಿನ ವೈದ್ಯ ಪಂಡಿತರು ಬಂದು ನೋಡಿದರು. ದಿನವೂ ಗಾಯ ತೊಳೆದು, ಬೆರಳುಗಳನ್ನು ಬಿಡಿಸಿ, ಬೇರೆ ಬಟ್ಟೆ ಕಟ್ಟಬೇಕು. ಇಲ್ಲದಿದ್ದರೆ ಬೆರಳುಗಳು ಅಂಟಿಕೊಂಡು ಕೈ ಮುಷ್ಟಿಯಾಗಿಯೇ ಉಳಿಯುತ್ತದೆ ಎಂದರು. ನೇಕಾರನ ಎದೆ ಒಡೆದುಹೋಯಿತು. ಅವನ ಮನೆಯಲ್ಲಿ ಬದುಕು ಎಂದರೆ ಕೈ.

ಮೊದಲ ದಿನ ಅವನು ಮಗಳಿಗೆ "ಏನೂ ನೋಯೂದಿಲ್ಲ" ಎಂದ. ನೀರು ಬಿದ್ದ ಕೂಡಲೇ ಅವಳಿಗೆ ನಿಜ ತಿಳಿಯಿತು. ಅವಳು ಒದ್ದಾಡಿದಳು, ನಾಲ್ಕು ಜನ ಹಿಡಿದುಕೊಂಡರು. ಮರುದಿನ ಪಂಡಿತರ ದನಿ ಕೇಳಿದ್ದೇ ತಡ, ಅವಳು ಮಗ್ಗದ ಕೆಳಗೆ ಕಾಲಿಡುವ ಕುಣಿಗೆ ಇಳಿದು ಮುದುರಿ ಕುಳಿತಳು. ಎಳೆದು ತೆಗೆಯುವಾಗ ಗಾಯ ಇನ್ನಷ್ಟು ತರಚಿತು. ಅಂದು ಬೆರಳು ಬಿಡಿಸಲು ಆಗಲೇ ಇಲ್ಲ.

ಮೂರನೆಯ ದಿನ ಅಪ್ಪ ಒಂದು ಗಿಲಕಿ ತಂದ. ಅವಳ ಮುಖದ ಮುಂದೆ ಹಿಡಿದು ಅಲ್ಲಾಡಿಸಿದ, ಬೆಕ್ಕಿನಂತೆ ಕೂಗಿದ. ಅವಳ ಅಳು ನಿಲ್ಲಲಿಲ್ಲ. ಪಂಡಿತರು ಕೈ ಕೆಲಸ ನಿಲ್ಲಿಸಿ, "ಯಜಮಾನ್ರ, ಗಿಲಕಿ ಇಲ್ಲೈತಿ, ನಿಮ್ಮ ಕಣ್ಣು ಗಾಯದ ಮ್ಯಾಲೈತಿ. ನೀವು ಎಲ್ಲಿ ನೋಡ್ತೀರೋ ಅಕಿನೂ ಅಲ್ಲೇ ನೋಡ್ತಾಳ" ಎಂದರು.

ನೇಕಾರ ಯೋಚನೆಗೆ ಬಿದ್ದ. ಮಗಳ ಗಾಯವನ್ನು ಬಿಟ್ಟು ತನ್ನ ಕಣ್ಣು ಬೇರೆ ಯಾವುದರ ಮೇಲೆ ನಿಂತೀತು? ಗಿಲಕಿಯ ಮೇಲಂತೂ ನಿಲ್ಲುವುದಿಲ್ಲ. ಯೋಚಿಸಿ ಯೋಚಿಸಿ, ಸಂಜೆ ಮಗ್ಗಕ್ಕೆ ಕುಳಿತು ಒಂದು ಗೇಣು ಚೌಕಳಿ ಬಟ್ಟೆ ನೇಯ್ದ. ಕೆಂಪು ಬರಬೇಕಾದಲ್ಲಿ ಒಂದು ಕಡೆ ಬೇಕೆಂದೇ ಹಳದಿ ಎಳೆ ಹಾಕಿದ. ಹಾಕಿದ್ದನ್ನು ಒಮ್ಮೆ ಬಿಚ್ಚಿ, ಮತ್ತೆ ಹಾಕಿದ. ಹೆಂಡತಿ ನೋಡಿ, "ನಿಮ್ಮಪ್ಪ ಇದ್ದಿದ್ರ ನಿಮ್ಮನ್ನ ಮನೀಯಿಂದ ಹೊರಗ ಹಾಕ್ತಿದ್ದ" ಎಂದಳು.

ಮರುದಿನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನು ಹೇಳಿದ: "ಅವತ್ತು ನಾ ಸುಳ್ಳು ಹೇಳಿದೆ, ಮಗಳ. ನೋಯ್ತೈತಿ. ಅಳು ಬಂದ್ರ ಅಳು. ಆದ್ರ ನನಗೊಂದು ಕೆಲಸ ಮಾಡಿಕೊಡು. ಈ ಬಟ್ಟ್ಯಾಗ ಎಳಿ ತಪ್ಪೇನಿ. ಎಲ್ಲಿ ತಪ್ಪೇನಿ, ಹುಡುಕು."

ಮಗಳಿಗೆ ನಂಬಿಕೆಯಾಗಲಿಲ್ಲ. ಅಪ್ಪ ಎಳೆ ತಪ್ಪುವುದುಂಟೆ? ಅವಳು ಎಡಗೈ ಬೆರಳಿನಿಂದ ಒಂದೊಂದೇ ಚೌಕ ಮುಟ್ಟುತ್ತಾ ಹೋದಳು. ನೀರು ಬಿದ್ದಾಗ ಅತ್ತಳು, ಅಳುತ್ತಲೇ ಹುಡುಕಿದಳು. ಪಂಡಿತರು ಎರಡು ಬೆರಳು ಬಿಡಿಸುವಷ್ಟರಲ್ಲಿ "ಅಪ್ಪಾ, ಇಲ್ಲೈತಿ!" ಎಂದು ಕೂಗಿದಳು. ಊರಿನ ದೊಡ್ಡ ನೇಕಾರನ ತಪ್ಪು ಹಿಡಿದ ಹೆಮ್ಮೆ ಆ ಒದ್ದೆ ಮುಖದಲ್ಲಿ ಹಿಡಿಸಲಾರದಷ್ಟು ಇತ್ತು.

ಅಂದಿನಿಂದ ಅವನು ದಿನವೂ ಒಂದು ಗೇಣು ನೇಯ್ದ, ದಿನವೂ ತಪ್ಪಿದ. ಒಮ್ಮೆ ನೂಲಿನ ವ್ಯಾಪಾರಿ ಬಂದವನು ಆ ತುಂಡುಗಳನ್ನು ಕಂಡು, ಇವನಿಗೆ ಕಣ್ಣು ಮಂಜಾಗಿದೆ ಎಂದು ಪೇಟೆಯ ತುಂಬ ಹೇಳಿಕೊಂಡು ಬಂದ. ನೇಕಾರ ಬಾಯಿ ಬಿಡಲಿಲ್ಲ. ಗಾಯ ಒಣಗುತ್ತಿತ್ತು, ಅವನಿಗೆ ಅಷ್ಟು ಸಾಕಾಗಿತ್ತು.

ಇನ್ನೊಂದು ದಿನ ಮಗಳು, "ಅಪ್ಪಾ, ಇವತ್ತು ಎರಡದಾವ" ಎಂದಳು. "ಇಲ್ಲವಾ, ನಾ ಮಾಡಿದ್ದು ಒಂದ" ಎಂದು ಅಪ್ಪ ಹಟ ಹಿಡಿದ. ಇಬ್ಬರೂ ತಲೆಗೆ ತಲೆ ತಾಗಿಸಿ ಬಟ್ಟೆಯ ಮೇಲೆ ಬಗ್ಗಿದರು. ಎರಡು ಇದ್ದದ್ದು ನಿಜ. ಎರಡನೆಯದು ಅವನಿಗೇ ಗೊತ್ತಿಲ್ಲದೆ ಆದದ್ದು! ಅವನು ತನ್ನ ತಪ್ಪನ್ನು ಒಪ್ಪಿಕೊಂಡು ತಲೆ ಎತ್ತುವಾಗ, ಪಂಡಿತರು ಕಟ್ಟು ಕಟ್ಟಿ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಅದು ಮುಗಿದದ್ದು ಅಪ್ಪನಿಗೂ ತಿಳಿದಿರಲಿಲ್ಲ, ಮಗಳಿಗೂ ತಿಳಿದಿರಲಿಲ್ಲ.

ಕೈ ವಾಸಿಯಾಯಿತು. ಐದು ಬೆರಳುಗಳೂ ಬಿಡಿಬಿಡಿಯಾಗಿ ಉಳಿದವು. ಮುಂದೆ ಆ ಕೈಯೇ ಅದೇ ಮಗ್ಗದಲ್ಲಿ ಲಾಳಿ ಓಡಿಸಿತು.

ಗುರುಗಳು ಇಷ್ಟು ಹೇಳಿ, ನೀರು ಕುಡಿದು, ಲೋಟ ಕೆಳಗಿಟ್ಟರು.

ಶಿಷ್ಯ, "ಆದರೂ ಗುರುಗಳೇ, ನೋವು ಇದ್ದದ್ದು ಕೈಯಲ್ಲಿ, ಅವನು ತೋರಿಸಿದ್ದು ಬಟ್ಟೆಯನ್ನು. ನಾನಾದರೋ ಆ ಮಗುವಿಗೆ ಸತ್ಯವನ್ನೇ ಹೇಳಿದೆ" ಎಂದ.

ಗುರುಗಳು ಹೇಳಿದರು: "ನೋಯುತ್ತದೆ ಎಂದು ಅವನೂ ಹೇಳಿದನಪ್ಪ, ನೀನೂ ಹೇಳಿದೆ, ಹೇಳಿದ ಮೇಲೆ ಅವನು ಮಗುವಿನ ಜೊತೆ ಕುಳಿತ, ನೀನು ಎದ್ದು ಜಗಲಿಗೆ ಬಂದೆ."